‘ಸಂಚಿಕೆ ಚೆನ್ನಾಗಿದೆ’ ಎಂಬ ಪತ್ರ ಬೇಡ

ಕನ್ನಡದ ಸಾಹಿತ್ಯ ಪತ್ರಿಕೆಗಳಲ್ಲಿ ಓದುಗರ ಪುಟ ಸತ್ತು ಬಹಳ ಕಾಲವಾಯಿತು. ತಿಥಿ ಮಾಡಲು ಮಾತ್ರ ಯಾರೂ ಮುಂದೆ ಬಂದಿಲ್ಲ. ‘ಕಳೆದ ಸಂಚಿಕೆ ಸಂಗ್ರಹಯೋಗ್ಯವಾಗಿತ್ತು, ಮುಖಪುಟ ಮನಮೋಹಕ’ ಎಂಬ ನಾಲ್ಕು ಸಾಲನ್ನು ಐದು ಊರಿನ ಹೆಸರಿನಲ್ಲಿ ಅಚ್ಚು ಹಾಕಿ ಅದನ್ನೇ ಪ್ರತಿಕ್ರಿಯೆ ಎಂದು ಕರೆಯುವ ಸೋದರ ಪತ್ರಿಕೆಗಳು ಈಗಲೂ ಇವೆ. ಇನ್ನು ಕೆಲವು ಆ ಜಾಗವನ್ನು ಪುಸ್ತಕ ಬಿಡುಗಡೆಯ ಫೋಟೋಗಳಿಗೆ ಬಿಟ್ಟುಕೊಟ್ಟಿವೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಓದುಗ ಎಲ್ಲಿ ಎಂದು ಕೇಳಿದರೆ, ‘ಈಗ ಯಾರ್ರೀ ಪತ್ರ ಬರೀತಾರೆ?’ ಎಂಬ ಸಿದ್ಧ ಉತ್ತರ.

ಬರೆಯುವವರಿದ್ದಾರೆ. ಅಂಚೆ ಕಾರ್ಡಿನ ಬೆಲೆ ಇಂದಿಗೂ 50 ಪೈಸೆ. ಈ ಪತ್ರಿಕೆಯ ಮೇಜಿನ ಮೇಲೆ ಈಗಲೂ ಒಂದು ಪತ್ರವಿದೆ: ರೂಲ್ಡ್ ಹಾಳೆಯ ಎರಡೂ ಬದಿ, ಕಳೆದ ಸಂಚಿಕೆಯ ಕವಿತೆಯೊಂದರ ಮೇಲೆ ಸಾಲು ಸಾಲಾಗಿ ತಕರಾರು, ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ‘ಸ್ಥಳಾವಕಾಶವಿದ್ದರೆ ಪ್ರಕಟಿಸಿ’ ಎಂಬ ಕೋರಿಕೆ. ಇಂಥ ಪತ್ರ ಬಂದಾಗ ಸ್ಥಳಾವಕಾಶ ಇರುವುದಿಲ್ಲ ಎಂಬುದೇ ಕನ್ನಡ ಸಂಪಾದಕರ ದೊಡ್ಡ ಸುಳ್ಳು. ಕವಿಗೆ ಬೇಸರವಾದೀತು ಎಂಬುದು ಒಳಗಿನ ಕಾರಣ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ವಿಶೇಷ ಪುಟ ತಂದರು. ಅವರು ಎಂಬತ್ತರ ದಶಕದಲ್ಲಿ ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿಯಾಗಿದ್ದರು ಎಂಬುದನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋದರು. ನಿಲ್ಲಬೇಕಾದದ್ದು ಅಲ್ಲಿಯೇ. 1980ರಲ್ಲಿ ಶುರುವಾದ ಆ ವಾರಪತ್ರಿಕೆಗೆ ಜಾಹೀರಾತಿರಲಿಲ್ಲ. ಅಂಗಡಿಯಲ್ಲಿ ಕಾಸು ಕೊಟ್ಟು ಕೊಂಡವರೇ ಅದನ್ನು ಸಾಕಿದರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕೋಮು ಸೌಹಾರ್ದದ ಬಗ್ಗೆ ಒಂದು ಲೇಖನ ಕಳಿಸಿದ್ದೂ ಅದೇ ಪತ್ರಿಕೆಗೆ. ಸಂಪಾದಕ ಲಂಕೇಶ್ ಅದನ್ನು ಅಚ್ಚು ಹಾಕಿ ಕೈತೊಳೆದುಕೊಳ್ಳಲಿಲ್ಲ, ಇನ್ನೂ ಬರೆಯಿರಿ ಎಂದರು. ‘ಚಂದ್ರಗಿರಿಯ ತೀರದಲ್ಲಿ’ ಅಲ್ಲಿಯೇ ಧಾರಾವಾಹಿಯಾಗಿ ಬಂತು. ಅದುವರೆಗೆ ಯಾವ ಗೋಷ್ಠಿಯ ವೇದಿಕೆಯಲ್ಲೂ ಕಾಣದಿದ್ದ ಮುಸ್ಲಿಂ ಹೆಣ್ಣುಮಕ್ಕಳ ಲೋಕ ಕನ್ನಡ ಕಾದಂಬರಿಯೊಳಗೆ ಬಂದದ್ದು ಹೀಗೆ. ಲಂಕೇಶರ ಜೊತೆ ಜಗಳವಾಡದವರು ಕಡಿಮೆ. ಆದರೆ ಓದುಗರನ್ನು ಬರಹಗಾರರನ್ನಾಗಿಸುವ ಈ ಕಸುಬಿನಲ್ಲಿ ಅವರಿಗೆ ಸಾಟಿಯಾಗುವವರು ಇಂದಿನ ಸಂಪಾದಕರಲ್ಲಿ ಯಾರೂ ಇಲ್ಲ.

ಜಿ. ವೆಂಕಟಸುಬ್ಬಯ್ಯನವರದು ಬೇರೆಯೇ ದಾರಿ. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಶುರುವಾದ ‘ಇಗೋ ಕನ್ನಡ’ ನಿಂತಿದ್ದೇ ಓದುಗರ ಪ್ರಶ್ನೆಗಳ ಮೇಲೆ. ನಿಘಂಟು ಕಟ್ಟಿದ ವಿದ್ವಾಂಸ, ಯಾರೋ ತಮ್ಮೂರಿನ ಮಾತೊಂದಕ್ಕೆ ಅರ್ಥ ಕೇಳಿದರೆ ಸಣ್ಣ ಪ್ರಶ್ನೆ ಎನ್ನದೆ ಉತ್ತರಿಸುತ್ತಿದ್ದರು. ವರ್ಷಗಟ್ಟಲೆ ಸಾಗಿದ ಆ ಪ್ರಶ್ನೋತ್ತರ ಕೊನೆಗೆ ನಿಘಂಟಿನ ರೂಪದಲ್ಲೇ ಪುಸ್ತಕವಾಯಿತು. ‘ತರಂಗ’ದಲ್ಲಿ ಮಕ್ಕಳ ಪ್ರಶ್ನೆಗಳಿಗೆ ಇಳಿವಯಸ್ಸಿನ ಶಿವರಾಮ ಕಾರಂತರು ‘ಬಾಲವನದಲ್ಲಿ ಕಾರಂತಜ್ಜ’ನಾಗಿ ಉತ್ತರ ಕೊಡುತ್ತಿದ್ದರು. ಜ್ಞಾನಪೀಠ ಪಡೆದವರಿಗೆ ಮಕ್ಕಳ ಪತ್ರ ಓದಲು ಪುರಸೊತ್ತಿತ್ತು. ಒಂದು ಕಥಾಸಂಕಲನ ತಂದವರಿಗೆ ಇಂದು ಇಲ್ಲ.

ಧಾರವಾಡದ ಜಿ.ಬಿ. ಜೋಶಿ 1933ರಲ್ಲಿ ಮನೋಹರ ಗ್ರಂಥಮಾಲೆ ಹುಟ್ಟುಹಾಕಿ ಊರೂರು ತಿರುಗಿ ಚಂದಾದಾರರನ್ನು ಮಾಡಿಕೊಂಡರು. ಅವರ ಅಟ್ಟದಲ್ಲಿ ಸಾಹಿತಿಗಳು ಕೂಡಿ ಹೊಡೆದ ಹರಟೆಯ ಬಗ್ಗೆ ಬೇಕಾದಷ್ಟು ನೆನಪಿನ ಲೇಖನಗಳು ಬಂದಿವೆ. ಮುಂಗಡ ಹಣ ಕೊಟ್ಟು ಪುಸ್ತಕಕ್ಕೆ ಕಾದ ಮಾಸ್ತರರು, ಗುಮಾಸ್ತರ ಬಗ್ಗೆ ಬರೆದವರು ವಿರಳ.

ಪತ್ರಗಳ ರಾಶಿಯೇ ಒಳ್ಳೆಯ ಲಕ್ಷಣವೆಂದು ಹೇಳುತ್ತಿಲ್ಲ. 2006ರಲ್ಲಿ ಟಿಪ್ಪುವಿನ ವಿಷಯಕ್ಕೆ ಕಾರ್ನಾಡ್ ಮತ್ತು ಭೈರಪ್ಪ ‘ವಿಜಯ ಕರ್ನಾಟಕ’ದಲ್ಲಿ ಎದುರುಬದುರಾದಾಗ ಓದುಗರೂ ಕಣಕ್ಕಿಳಿದದ್ದು ಗೊತ್ತೇ ಇದೆ. ಆ ಗದ್ದಲದಲ್ಲಿ ಆಕರ ಹಿಡಿದು ಮಾತಾಡಿದವರಿಗಿಂತ ಪಾಳೆಯ ಸೇರಿಕೊಂಡವರೇ ಹೆಚ್ಚು. ಯಾವ ಪತ್ರ ವಾದ, ಯಾವುದು ಘೋಷಣೆ ಎಂದು ಆರಿಸುವುದು ಸಂಪಾದಕನ ಹೊಣೆ. ಅದನ್ನು ಮಾಡದವನು ಅಂಚೆಯಣ್ಣ, ಅಷ್ಟೆ. ಅಂಚೆಯಣ್ಣನಾದರೂ ಪತ್ರವನ್ನು ಮನೆ ಮುಟ್ಟಿಸುತ್ತಾನೆ.

ಇನ್ನು ಮುಂದೆ ಈ ಪತ್ರಿಕೆಯಲ್ಲಿ ಹೊಗಳಿಕೆಯ ಪತ್ರಗಳು ಅಚ್ಚಾಗುವುದಿಲ್ಲ. ಲೇಖನವೊಂದಕ್ಕೆ ಬಂದ ತಕರಾರನ್ನು ಮೊದಲು ಲೇಖಕರಿಗೆ ಕಳಿಸಿ, ಅವರ ಉತ್ತರದ ಸಮೇತ ಪ್ರಕಟಿಸಲಾಗುವುದು. ಲೇಖಕರು ಉತ್ತರ ಕೊಡದಿದ್ದರೆ ಪತ್ರವೊಂದೇ ಬರುತ್ತದೆ, ಉತ್ತರ ಬರಲಿಲ್ಲ ಎಂಬ ಒಕ್ಕಣೆಯೊಂದಿಗೆ. ಇದಕ್ಕೆ ಮುನಿಸಿಕೊಳ್ಳುವ ಹಿರಿಯರು ಮುನಿಸಿಕೊಳ್ಳಲಿ.

ಮುಂದಿನ ಸಂಚಿಕೆಯ ವಿಷಯ: ಗಡಿನಾಡಿನ ಕಥೆಗಳು. ಆ ಸಂಚಿಕೆಗೆ ಪತ್ರಗಳು ತಿಂಗಳ 10ರೊಳಗೆ ಕೈಸೇರಬೇಕು. ಬೈಗುಳಕ್ಕೂ ಜಾಗವಿದೆ, ಕೆಳಗೆ ಹೆಸರು, ಊರು ಇರಲಿ.