ಕಲ್ಲು ಸುರಿಯುವ ಅರ್ಜಿಗೆ ನನ್ನ ಸಹಿ ಇಲ್ಲ

ಮಳೆಗಾಲ ಬಂತೆಂದರೆ ಘಾಜಿಯಾಬಾದಿನ ನಮ್ಮಂಥ ಕರಾವಳಿ ಮನೆಗಳಿಗೆ ಊರಿನಿಂದ ಒಂದು ಅರ್ಜಿ ಬರುತ್ತದೆ. ಕಡಲ್ಕೊರೆತಕ್ಕೆ ತಡೆಗೋಡೆ ಮಂಜೂರಾಗಬೇಕು, ದಿಲ್ಲಿಯ ಬಳಿ ಇರುವ ನೀವು ಸಹಿ ಹಾಕಿ ಮಂತ್ರಿಗಳ ಕೈಗೆ ಮುಟ್ಟಿಸಬೇಕು ಎಂದು. ಈ ಸಲ ನಾನು ಸಹಿ ಹಾಕಲಿಲ್ಲ. "ಅಲ್ಲಿ ಕೂತವರಿಗೆ ಇಲ್ಲಿಯ ಕಷ್ಟ ಏನು ಗೊತ್ತು?" ಎಂದು ಉಳ್ಳಾಲದ ಭಾವನವರು ಸಿಟ್ಟಾಗಿದ್ದಾರೆ. ಅವರ ತೆಂಗಿನ ಮರಗಳು ಕಡಲ ಪಾಲಾಗಿವೆ, ಸಿಟ್ಟು ನ್ಯಾಯವೇ. ಆದರೆ ಕೇಳುತ್ತಿರುವ ಮದ್ದು ಸರಿಯಲ್ಲ.

ಮಳೆಗಾಲದ ತೆರೆ ದಂಡೆಯ ಮರಳನ್ನು ಎಳೆದೊಯ್ದು ತುಸು ದೂರದ ಕಡಲತಳದಲ್ಲಿ ದಿಬ್ಬವಾಗಿ ಇಡುತ್ತದೆ. ಮಳೆ ನಿಂತ ಮೇಲೆ ಸಣ್ಣ ತೆರೆಗಳು ಅದನ್ನೇ ಹಿಂದಕ್ಕೆ ತರುತ್ತವೆ. ಇದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಈಗ ತಪ್ಪಿರುವುದು ಆ ಲೆಕ್ಕ. 1901ರಿಂದ 2018ರವರೆಗೆ ಜಗತ್ತಿನ ಕಡಲಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಗೇಣುದ್ದ ನೀರಿಗೆ ಇಷ್ಟು ಗಾಬರಿಯೇ ಎನ್ನಬೇಡಿ. ನೀರು ಏರಿದಷ್ಟೂ ದಡದ ಸಮೀಪದ ಕಡಲತಳ ಏರಬೇಕು, ಅದಕ್ಕೆ ಬೇಕಾದ ಮರಳು ದಂಡೆಯಿಂದಲೇ ಹೋಗುತ್ತದೆ ಎಂದು ಡೆನ್ಮಾರ್ಕಿನ ಎಂಜಿನಿಯರ್ ಪೆರ್ ಬ್ರೂನ್ 1962ರಲ್ಲೇ ಬರೆದರು. ನೀರು ಏರಿದ್ದರ ಐವತ್ತರಿಂದ ನೂರು ಪಟ್ಟು ದಂಡೆ ಹಿಂದೆ ಸರಿಯಬಹುದೆಂಬುದು ಆ ಸೂತ್ರದ ಅಂದಾಜು. ಎಲ್ಲ ಕಡೆಗೂ ಅದು ಹೊಂದುವುದಿಲ್ಲ. ಹೊಸ ಮರಳು ಬರುವಲ್ಲಿ ದಂಡೆ ತಾಳಿಕೊಳ್ಳುತ್ತದೆ.

ಉಳ್ಳಾಲಕ್ಕೆ ಆ ಮರಳು ತರಬೇಕಾದವಳು ನೇತ್ರಾವತಿ. ಅವಳ ಒಡಲನ್ನು ಲಾರಿಗಟ್ಟಲೆ ಬಗೆದು ಮಂಗಳೂರಿನಲ್ಲಿ ಮಹಡಿ ಎಬ್ಬಿಸಿದ್ದು ಯಾರಿಗಾಗಿ? ನಮ್ಮಲ್ಲಿ ಎಷ್ಟು ಮಂದಿಗೆ ಅಲ್ಲೊಂದು ಫ್ಲಾಟ್ ಇಲ್ಲ? ಬೆಂಗ್ರೆ, ಕೋಟೆಪುರಗಳ ನಡುವೆ ಅಳಿವೆಯ ಬಾಯಲ್ಲಿ ದೋಣಿಗಳಿಗಾಗಿ ಕಟ್ಟಿದ ಕಲ್ಲಿನ ಕಟ್ಟೆಗಳು ಉಳಿದ ಮರಳಿನ ದಾರಿಯನ್ನೂ ತಡೆಯುತ್ತವೆ. ಇಷ್ಟಾದ ಮೇಲೆ ಕಡಲಿಗೆ ಬಂಡೆ ಸುರಿಯುವುದು! ಬಂಡೆಗೆ ಬಡಿದ ತೆರೆ ಅದರ ಬುಡದ ಮರಳನ್ನೇ ಕೆದಕುತ್ತದೆ, ಬಂಡೆ ಕುಸಿಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದವರ ಅಂಗಳ ಹೋಗುತ್ತದೆ. ಮರುವರ್ಷ ಅವರ ಅರ್ಜಿ. ಉಳ್ಳಾಲ, ಸೋಮೇಶ್ವರ, ಉಚ್ಚಿಲ: ಹೆಸರುಗಳು ತೆಂಕಣಕ್ಕೆ ಸಾಗುತ್ತಿವೆ. ಗುತ್ತಿಗೆದಾರರಿಗೆ ಇದಕ್ಕಿಂತ ಒಳ್ಳೆಯ ಬೆಳೆ ಯಾವುದಿದೆ?

2023ರ ಜುಲೈಯಲ್ಲಿ ಇಲ್ಲಿಯ ಹಿಂಡನ್ ಉಕ್ಕಿದಾಗ, ನದಿಯ ಜಾಗದಲ್ಲಿ ಮನೆ ಕಟ್ಟಿದವರದೇ ತಪ್ಪೆಂದು ಬಾಲ್ಕನಿಯಲ್ಲಿ ನಿಂತು ತೀರ್ಪು ಕೊಟ್ಟವರು ನಾವು. ಊರಿನ ದಂಡೆಗೆ ಮಾತ್ರ ಬೇರೆ ನ್ಯಾಯವೇ?

ನಾನು ಇನ್ನೊಂದು ಅರ್ಜಿ ಬರೆದಿದ್ದೇನೆ. ಅಳಿವೆಯಲ್ಲಿ ಹೂಳೆತ್ತುವ ಮರಳು ಮಾರಾಟಕ್ಕಲ್ಲ, ದಂಡೆಗೆ ಹೋಗಲಿ. ನದಿಯ ಮರಳು ತೆಗೆಯುವುದಕ್ಕೆ ಕಡಿವಾಣ ಬೀಳಲಿ. ಮನೆ ಕಳಕೊಂಡ ಬೆಸ್ತರಿಗೆ ದೋಣಿ ಎಳೆಯುವಷ್ಟು ಹತ್ತಿರದಲ್ಲೇ, ಆದರೆ ತೆರೆ ಮುಟ್ಟದಲ್ಲಿ ನಿವೇಶನ ಸಿಗಲಿ. ಮುಂದಿನ ಮಾಸಿಕ ಸಭೆಗೆ ತರುತ್ತೇನೆ. ಭಾವನವರಿಗೂ ಒಂದು ಪ್ರತಿ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.