ಪುಂಡಿ ನಾರು ಯಾರದು?



ಈಗೀಗ ಫೇಸ್‌ಬುಕ್ ತೆರೆದರೆ ಸಾಕು, ‘ಹೆಂಪ್’ ಮಾತು. ಹೆಂಪ್ ಅಂಗಿ, ಹೆಂಪ್ ಬೀಜದ ಎಣ್ಣೆ, ಪ್ರೋಟೀನ್ ಪುಡಿ, ಸುಣ್ಣದಾಗ ಕಲಸಿ ಗೋಡೆ ಕಟ್ಟೋ ಹೆಂಪ್ ಇಟ್ಟಿಗೆ. ಕಡಿಮೆ ನೀರು ಸಾಕು, ಔಷಧಿ ಹೊಡಿಯೋದು ಕಡಿಮೆ, ಭೂಮಿಗೂ ಒಳ್ಳೇದು ಅಂತ ಬೆಂಗಳೂರಿನ ಹುಡುಗರು ವಿಡಿಯೋ ಮಾಡ್ತಾರ. ಇದರಾಗ ಬಹಳಷ್ಟು ಖರೇನೂ ಐತಿ. ನನ್ನ ತಕರಾರು ಬೆಳೆ ಮ್ಯಾಲ ಅಲ್ಲ, ಅವರು ಹೇಳೋ ಚರಿತ್ರೆ ಮ್ಯಾಲ. ಆ ಚರಿತ್ರೆಯಲ್ಲಿ ಚೀನಾದ ಹಳೇ ಕಾಗದ ಬರ್ತದ, ಯುರೋಪಿನ ಹಡಗಿನ ಹಾಯಿ ಬರ್ತದ, ‘ಕ್ಯಾನ್ವಾಸ್’ ಅನ್ನೋ ಪದ ‘ಕ್ಯಾನಬಿಸ್’ನಿಂದ ಹುಟ್ಟಿತು ಅನ್ನೋದೂ ಬರ್ತದ. ಮುಕ್ಕುಂದದ ಹೊಳಿ ದಂಡಿಯಾಗ ನಾರು ಕೊಳಿಹಾಕಿ, ತೊಡಿ ಮ್ಯಾಲ ಹುರಿ ಹೊಸೆದವರು ಮಾತ್ರ ಬರಂಗಿಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ‘ಹೆಂಪ್’ ಅನ್ನೋ ಒಂದು ಇಂಗ್ಲಿಷ್ ಪದದ ಕೆಳಗೆ ಮೂರು ಬೇರೆ ಬೇರೆ ಗಿಡ ಅದಾವ. ಒಂದು, ಗಾಂಜಾ ಗಿಡದ ಕುಲದ್ದು. ಅಮಲು ಕೊಡೋ ಟಿಎಚ್‌ಸಿ ಅಂಶ ಭಾಳ ಕಡಿಮೆ ಇರೋ ತಳಿಗಳನ್ನ ನಾರಿಗೆ, ಬೀಜಕ್ಕೆ ಬೆಳೀತಾರ. ವಿಡಿಯೋದಾಗ ಹೇಳೋದು ಇದನ್ನೇ. ಎರಡನೇದು ಸೆಣಬು, ‘ಸನ್ ಹೆಂಪ್’. ಹಳದಿ ಹೂವಿನ ಗಿಡ, ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡ್ತದ. ಅದಕ್ಕೇ ಭತ್ತದ ಗದ್ದಿಗೆ ಹಸಿರೆಲೆ ಗೊಬ್ಬರ ಅಂತ ಬಿತ್ತಿ ಉಳುಮೆ ಮಾಡ್ತಾರ. ಮೂರನೇದಕ್ಕೆ ‘ಡೆಕ್ಕನ್ ಹೆಂಪ್’ ಅಂತಾರ. ಅದು ನಮ್ಮ ಪುಂಡಿ. ಹೌದು, ಜೋಳದ ರೊಟ್ಟಿ ಜೋಡಿ ತಿನ್ನೋ ಪುಂಡಿಪಲ್ಯದ ಪುಂಡಿ! ಶಾಸ್ತ್ರದ ಹೆಸರು ‘ಹೈಬಿಸ್ಕಸ್ ಕ್ಯಾನಬಿನಸ್’. ಎಲಿ ಗಾಂಜಾ ಎಲಿ ಹಂಗ ಕಾಣ್ತದ ಅಂತ ಆ ಹೆಸರು, ಅಮಲಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಅದು ಹತ್ತಿ, ಬೆಂಡಿ, ದಾಸವಾಳದ ಬಳಗದ್ದು.

ಮುಂಗಾರಿಗೆ ಜೋಳದ ಹೊಲದಾಗ ನಡುನಡುವೆ ಒಂದು ಸಾಲು ಪುಂಡಿ ಹಾಕಿದರ ಎಳೇ ಎಲಿ ಪಲ್ಯಕ್ಕಾಗ್ತಿತ್ತು. ಹೂ ಬಿಡೋ ಹೊತ್ತಿಗೆ ದಂಟು ಆಳೆತ್ತರ ಮೀರಿ ನಿಲ್ತಿತ್ತು. ಕೊಯ್ದು, ಸಿವುಡು ಕಟ್ಟಿ, ನೀರಾಗ ಮುಳುಗಿಸಿ, ಮ್ಯಾಲ ಕಲ್ಲು ಹೇರಿ ಹತ್ತು ಹದಿನೈದು ದಿನ ಕೊಳಿಸಬೇಕು. ಆಮ್ಯಾಲ ಸೊಂಟಮಟ ನೀರಾಗ ನಿಂತು ನಾರು ಸುಲಿಬೇಕು, ಬಡಿಬೇಕು, ತೊಳಿಬೇಕು, ಒಣಗಿಸಬೇಕು. ಆ ನಾರಿನಿಂದಲೇ ಎತ್ತಿನ ಕಣ್ಣಿ, ದಾವಣಿ, ಮೂಗುದಾರ, ಗಡಿಗೆ ಇಡೋ ನೆಲುವು, ಹೊರಸಿನ ಹುರಿ, ಬಾವಿ ಹಗ್ಗ. ಉಳಿದ ಕಡ್ಡಿ ಒಲಿಗೆ. ಬೀಜದಾಗ ಎಣ್ಣಿ. ಒಂದು ಗಿಡದಾಗ ಊಟ, ಉರುವಲು, ಒಕ್ಕಲುತನದ ಅರ್ಧ ಸಾಮಾನು. ಇದನ್ನೆಲ್ಲ ಈಗ ‘ಸಸ್ಟೈನಬಲ್’ ಅಂತ ಕರೀತಾರ.

ಆದರೆ ಆ ನೀರಿನ ಗಬ್ಬು ವಾಸನಿ ಯಾವ ವಿಡಿಯೋದಾಗೂ ಬರಂಗಿಲ್ಲ. ಅದರಾಗ ನಿಂತವರ ಕಾಲಬೆರಳ ಸಂದಿ ಹುಣ್ಣಾಗ್ತಿತ್ತು. ನಮ್ಮಜ್ಜ ಹುರಿ ಹೊಸೆದೂ ಹೊಸೆದೂ ತೊಡಿ ಮ್ಯಾಲಿನ ಕೂದಲೆಲ್ಲ ಉದುರಿ, ಚರ್ಮ ಕಲ್ಲಾಗಿತ್ತು. ವರ್ಷಪೂರ್ತಿ ಹಗ್ಗ, ಮಿಣಿ, ಬಾರುಕೋಲು ಕೊಟ್ಟರೂ ಸುಗ್ಗಿಗೆ ಕಣದ ಅಂಚಿನಾಗ ನಿಂತು, ಒಡೆಯ ಕೊಟ್ಟಷ್ಟು ಜೋಳ ಒಡ್ಡಿಕೊಂಡು ಬರಬೇಕಿತ್ತು. ಅದಕ್ಕೆ ‘ಆಯ’ ಅಂತ ಹೆಸರು. ಕೇಳೋ ಹಕ್ಕಿಲ್ಲ, ತೂಗೋ ತಕ್ಕಡಿ ಇಲ್ಲ. ಇನ್ನೊಂದು ಮಾತು ಕೇಳ್ರಿ. ಅಜ್ಜ ಹೊಸೆದ ಹಗ್ಗ ದೊಡ್ಡವರ ಬಾವಿಯೊಳಗೆ ದಿನಾ ಇಳೀತಿತ್ತು, ನೀರು ಮುಟ್ಟತಿತ್ತು. ಅಜ್ಜ ಮಾತ್ರ ಆ ಬಾವಿ ಕಟ್ಟಿ ಹತ್ತಂಗಿದ್ದಿಲ್ಲ.

ಇದು ಒಂದು ಊರಿನ, ಒಂದು ಜಾತಿಯ ಕಥೆ ಅಲ್ಲ. 12ನೇ ಶತಮಾನದ ಶರಣ ನುಲಿಯ ಚಂದಯ್ಯ ಹುಲ್ಲಿನ ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ದಾಸೋಹ ಮಾಡಿದವನು. ‘ನುಲಿ’ ಅಂದ್ರೇನೇ ಹುರಿ ಮಾಡೋದು. ಕಸುಬೇ ಅವನ ಹೆಸರಾಯ್ತು. ಕೊರಮ, ಕೊರಚ, ಕೊರವ ಬಂಧುಗಳು ಅವನನ್ನ ತಮ್ಮವ ಅಂತಾರ, ಸರ್ಕಾರ ಜಯಂತಿನೂ ಮಾಡ್ತದ. ಆದರೆ ಇದೇ ಕೊರಚ, ಕೊರವ ಜನರನ್ನ ಬ್ರಿಟಿಷರು ‘ಹುಟ್ಟಾ ಅಪರಾಧಿಗಳು’ ಅಂತ ಪಟ್ಟಿಗೆ ಹಾಕಿದ್ದರು. ಆ ಕಾನೂನು ರದ್ದಾಗಿದ್ದು 1952ರಾಗ. ಹಗ್ಗ ಹೊಸೆದವನ ಫೋಟೋಕ್ಕೆ ಹಾರ, ಹಗ್ಗ ಹೊಸೆಯೋರ ಬೆನ್ನಿಗೆ ಪೊಲೀಸರು!

ಆಮ್ಯಾಲ ಕಾಲುವೆ ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಯ್ತು, ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಹರೀತು. ಜೋಳದ ಹೊಲ ಭತ್ತದ ಗದ್ದಿ ಆದವು, ನಡುವಿನ ಪುಂಡಿ ಸಾಲು ಹೋದವು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಉಳಿದ ದನಕ್ಕೂ ನೈಲಾನ್ ಹಗ್ಗ ಬಂತು. ನಮ್ಮ ಮಂದಿ ಹೊಳಿ ಬಿಟ್ಟು ಗದ್ದಿ ಕೂಲಿಗೆ ಹೋದರು, ಅದೂ ಸಾಲದಾದಾಗ ಬೆಂಗಳೂರಿಗೆ ಗುಳೆ ಹೊಂಟರು. ಹಗ್ಗದ ಕೆಲಸ ಹೋತು, ಜಾತಿ ಹೋಗಲಿಲ್ಲ.

ಈಗ ಕಾನೂನಿನ ಆಟ ನೋಡ್ರಿ. 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಗಿಡ ಬೆಳೆಸಿದರೆ 10 ವರ್ಷದವರೆಗೆ ಜೈಲು. ಅದೇ ಕಾಯ್ದೆಯ 14ನೇ ಸೆಕ್ಷನ್ ನಾರಿಗೆ, ಬೀಜಕ್ಕೆ ಅಂತ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಅಂತದ. ಉತ್ತರಾಖಂಡ 2018ರಲ್ಲಿ ಆ ಬಾಗಿಲು ತೆರೀತು. 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ, ಬೀಜದ ಎಣ್ಣೆಯನ್ನ ಆಹಾರ ಅಂತ ಒಪ್ಪಿಕೊಂಡಿತು. ಗಾಂಜಾ ಬೆಳೀರಿ ಅಂತ ನಾನು ಹೇಳ್ತಿಲ್ಲ. ನಮ್ಮ ಹುಡುಗರನ್ನ ಯಾವ ಅಮಲಿಗೂ ಕಳಕೊಳ್ಳೋಕೆ ತಯಾರಿಲ್ಲ. ನಾನು ಕೇಳೋದು ಇಷ್ಟೇ. ಲೈಸೆನ್ಸ್ ಅರ್ಜಿ ಬರೆಯಲು ವಕೀಲ, ಭೂಮಿ, ಬಂಡವಾಳ ಇದ್ದವರಿಗೆ ಅದು ‘ಸ್ಟಾರ್ಟಪ್’. ಹೊಲದ ಬದುವಿನಾಗ ನಾಲ್ಕು ಗಿಡ ಸಿಕ್ಕ ಕೂಲಿಯವನಿಗೆ ಅದು ಎಫ್‌ಐಆರ್. ಕಾಯ್ದೆ ಒಂದೇ ಇದ್ದರೂ ಬಾಗಿಲು ಎರಡು ಯಾಕೆ?

ಕೆಲವರು ಪ್ರೀತಿಯಿಂದಲೇ ಹೇಳ್ತಾರ: “ನಿಮ್ಮ ಕುಲಕಸುಬು ಉಳಿಸ್ಕೊಳ್ರಿ, ಮತ್ತೆ ಹಗ್ಗ ಹೊಸೀರಿ, ಕೈಕಸುಬಿಗೆ ಈಗ ಭಾರೀ ಬೆಲೆ ಐತಿ.” ಬೇಡ್ರಿ. ಜಾತಿ ಬರೀ ಕೆಲಸವನ್ನ ಹಂಚಲಿಲ್ಲ, ಕೆಲಸ ಮಾಡೋ ಮನುಷ್ಯರನ್ನೇ ಒಬ್ಬರ ಕೆಳಗೊಬ್ಬರನ್ನ ಇಟ್ಟಿತು ಅಂತ ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲೇ ವಾದಿಸಿದರು. ನಮ್ಮ ಮಕ್ಕಳು ಮತ್ತೆ ಗಬ್ಬುನೀರಿಗೆ ಇಳಿಯೋದು, ಮತ್ತ್ಯಾರೋ ಅದರ ಮ್ಯಾಲ ಬ್ರ್ಯಾಂಡ್ ಹಚ್ಚೋದು, ಇದು ಹಳೇ ಆಯವೇ. ಪಾಕೀಟು ಮಾತ್ರ ಹೊಸದು.

ನಮಗೆ ಬೇಕಾದದ್ದು ಪಾಲು. ಎಡದಂಡೆಯ ಕೊನೆಭಾಗದ ರೈತರು ವರ್ಷಾವರ್ಷ ನೀರಿಗಾಗಿ ರಸ್ತೆಗೆ ಇಳೀತಾರ. ಭತ್ತದಷ್ಟು ನೀರು ಕೇಳದ ಪುಂಡಿ ಅಲ್ಲಿ ಮತ್ತೆ ಬೆಳೀಬಹುದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಈ ಕೆಲಸ ಕೈಗೆತ್ತಿಕೊಳ್ಳಲಿ. ನಾರು ಬಿಡಿಸೋಕೆ ಯಂತ್ರ ಇರಲಿ, ಮನುಷ್ಯರು ಕೊಳೆತ ನೀರಾಗ ನಿಲ್ಲೋದು ಬೇಡ. ರಾಜ್ಯದ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹಣ ರಸ್ತೆ, ಗಟಾರಕ್ಕೆ ಹೋಗೋ ಬದಲು ದಲಿತ ಮಹಿಳೆಯರ ಸಹಕಾರ ಸಂಘದ ಯಂತ್ರಕ್ಕೆ, ಜಮೀನಿಗೆ ಹೋಗಲಿ. ಮಾರುಕಟ್ಟೆ ಎಲ್ಲೈತಿ ಅಂತೀರಾ? ಆಹಾರಧಾನ್ಯ, ಸಕ್ಕರೆ ತುಂಬಲು ಜೂಟ್ ಚೀಲ ಬಳಸಬೇಕು ಅಂತ 1987ರಲ್ಲಿ ಕೇಂದ್ರ ಕಾನೂನು ಮಾಡಿತು. ಬಂಗಾಳದ ಗಿರಣಿಗಳು ಅದರ ಮ್ಯಾಲೇ ನಿಂತಾವ. ಕಾನೂನು ಮನಸ್ಸು ಮಾಡಿದರೆ ನಾರಿಗೂ ಮಾರುಕಟ್ಟೆ ಹುಟ್ಟತದ. ನಾಳೆ ಕರ್ನಾಟಕದಾಗ ಹೆಂಪ್ ಲೈಸೆನ್ಸ್ ಕೊಡೋದಾದರೂ ಮೊದಲ ಸಾಲಿನಾಗ ನಾವಿರಬೇಕು, ಕೂಲಿಗಳಾಗಿ ಅಲ್ಲ, ಮಾಲೀಕರಾಗಿ.

ಕೊನೆಗೆ ಒಂದು ಕೆಲಸ ಹೇಳ್ತೀನಿ. ನಿಮ್ಮ ಕೇರಿಯಾಗ ಹುರಿ ಹೊಸೆದ ಅಜ್ಜ, ನಾರು ತೊಳೆದ ಅಮ್ಮ ಇನ್ನೂ ಇದ್ದರೆ ಇವತ್ತೇ ಹೋಗಿ ಕೂತು ಕೇಳ್ರಿ. ಯಾರ ಹೊಲದ ಪುಂಡಿ, ಎಲ್ಲಿ ಕೊಳಿಹಾಕತಿದ್ರು, ಎಷ್ಟು ಹಗ್ಗಕ್ಕೆ ಎಷ್ಟು ಸೇರು ಜೋಳ, ಯಾರು ಕೊಡಲಿಲ್ಲ, ಎಲ್ಲಾ ಬರ್ಕೊಳ್ರಿ. ನಾಳೆ ಪಾಲು ಕೇಳೋವಾಗ ನಮ್ಮ ಕೈಯಾಗಿನ ದಾಖಲೆ ಅದೇ.