ಸುಣ್ಣದಡಿಯ ಕುದುರೆ

ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಹಂಪಿಗೆ ಕರೆದೊಯ್ಯುವ ಕೆಲಸ ಯಾವಾಗಲೂ ನನ್ನ ಪಾಲಿಗೇ ಬರುತ್ತದೆ. ಹೊಸಪೇಟೆಯಿಂದ ಹಂಪಿಗೆ 13 ಕಿಲೋಮೀಟರ್. ಹಾಗಾಗಿ ನಮ್ಮ ಮಕ್ಕಳಿಗೆ ಅದು ಪ್ರವಾಸವೆಂದೇ ಅನಿಸುವುದಿಲ್ಲ. ಮೈಸೂರೋ ಊಟಿಯೋ ಆಗಬಾರದಿತ್ತೇ ಎಂದು ಗೊಣಗುತ್ತಲೇ ಬಸ್ಸು ಹತ್ತುತ್ತಾರೆ. ಆದರೆ ವಿರೂಪಾಕ್ಷನ ಗುಡಿಯ ಹಿಂಬದಿಯ ಕತ್ತಲೆ ಕೋಣೆಗೆ ಹೋದಾಗ ಮಾತ್ರ ಗೊಣಗಾಟ ನಿಲ್ಲುತ್ತದೆ. ಅಲ್ಲಿ ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬಿದ್ದಿರುತ್ತದೆ.

ನೆರಳು ಎಂಬುದು ಊರವರ ಮಾತು. ವಿಜ್ಞಾನದ ಮೇಷ್ಟರಿಗೆ ಅದು ಬಿಂಬ. 9 ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಪೂರ್ವ ಗೋಪುರದಿಂದ ಚದರಿ ಬಂದ ಬೆಳಕು ಸಣ್ಣ ಕಿಂಡಿಯೊಂದರಲ್ಲಿ ನುಸುಳಿ ಎದುರು ಗೋಡೆಯನ್ನು ಮುಟ್ಟುತ್ತದೆ. ಬೆಳಕಿಗೆ ಬಾಗಿ ಹೋಗುವುದು ಗೊತ್ತಿಲ್ಲ. ಆದ್ದರಿಂದ ಗೋಪುರದ ತುದಿಯ ಕಿರಣ ಕೆಳಕ್ಕೂ ಬುಡದ ಕಿರಣ ಮೇಲಕ್ಕೂ ಹೋಗಿ ಗೋಪುರ ಶೀರ್ಷಾಸನ ಹಾಕುತ್ತದೆ. ರಟ್ಟಿನ ಡಬ್ಬಿಗೆ ಸೂಜಿಯಿಂದ ತೂತು ಮಾಡಿ, ಎಣ್ಣೆ ಸವರಿದ ಕಾಗದ ಅಂಟಿಸಿ, ಎದುರಿಗೆ ಮೇಣದ ಬತ್ತಿ ಹಚ್ಚಿಟ್ಟು ನಾನು ತರಗತಿಯಲ್ಲಿ ತೋರಿಸುವ ಸೂಜಿರಂಧ್ರ ಕ್ಯಾಮೆರಾ ಇದೇ. ಹಿರಿಯರು ಇದನ್ನು ಬೇಕೆಂದೇ ಮಾಡಿದರೋ, ಕಿಂಡಿ ಇಟ್ಟಲ್ಲಿ ತಾನಾಗಿಯೇ ಆಯಿತೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಮಕ್ಕಳಿಗೆ ಪಾಠ ಅರ್ಥವಾದರೆ ಸಾಕು.

ಈ ಬಾರಿ ಬರೆಯಹೊರಟಿರುವುದು ಬಿಂಬದ ಬಗ್ಗೆ ಅಲ್ಲ. ಅದನ್ನು ನೋಡುವ ಅವಸರದಲ್ಲಿ ಮಕ್ಕಳೂ ದೊಡ್ಡವರೂ ಕತ್ತೆತ್ತದೆ ದಾಟಿಬಿಡುವ ರಂಗಮಂಟಪದ ಬಗ್ಗೆ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಸಂದರ್ಭದಲ್ಲಿ, 1510ರಲ್ಲಿ, ಕಟ್ಟಿಸಿದ ಮಂಟಪವಿದು. ಮುಂದೆ ಆತನ ಶಾಸನದ ಕಲ್ಲೂ ನಿಂತಿದೆ. ಹಿಂಗಾಲ ಮೇಲೆ ಎದ್ದುನಿಂತ ಯಾಳಿಗಳ ಕಂಬಗಳನ್ನು ಎಲ್ಲರೂ ನೋಡುತ್ತಾರೆ, ಮುಟ್ಟಿಯೂ ನೋಡುತ್ತಾರೆ. ತಲೆಯ ಮೇಲಿನ ಚಾವಣಿಯಲ್ಲಿ ಏನಿದೆ ಎಂದು ಕೇಳಿದರೆ ಮೂರು ಸಲ ಬಂದುಹೋದವರೂ ತಬ್ಬಿಬ್ಬಾಗುತ್ತಾರೆ.

ಅಲ್ಲಿ ಒಂದು ಲೋಕವೇ ಇದೆ. ವಿದ್ಯಾರಣ್ಯರನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ಆನೆ ಕುದುರೆ ಬಾವುಟಗಳ ಸಂಭ್ರಮದಲ್ಲಿ ಕರೆದೊಯ್ಯುವ ಮೆರವಣಿಗೆ ಇದೆ. ವಿರೂಪಾಕ್ಷನಿಗೂ ಪಂಪಾದೇವಿಗೂ ಕಲ್ಯಾಣ ನಡೆಯುತ್ತಿದೆ. ತಪಸ್ಸಿಗೆ ಕುಳಿತ ಶಿವನತ್ತ ಮನ್ಮಥ ಬಾಣ ಹೂಡಿದ್ದಾನೆ. ತ್ರಿಪುರ ಸಂಹಾರವಿದೆ, ದಶಾವತಾರವಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅರ್ಜುನನ ಮತ್ಸ್ಯಯಂತ್ರ. ಕೆಳಗೆ ನೀರಿನಲ್ಲಿ ಕಾಣುವ ಮೀನಿನ ಪ್ರತಿಬಿಂಬ ನೋಡಿಕೊಂಡು ಮೇಲಿನ ಮೀನಿಗೆ ಹೊಡೆಯಬೇಕು. ಪ್ರತಿಫಲನದ ನಿಯಮ ಗೊತ್ತಿಲ್ಲದವನಿಗೆ ದ್ರೌಪದಿ ಸಿಗುವುದಿಲ್ಲ ಎಂದು ಹತ್ತನೆಯ ತರಗತಿಯ ಹುಡುಗರಿಗೆ ಹೇಳಿದರೆ ಆ ವಾರವಿಡೀ ಬೆಳಕಿನ ಪಾಠಕ್ಕೆ ಪೂರ್ಣ ಹಾಜರಿ.

ಈ ಚಿತ್ರಗಳು ಮಂಟಪದಷ್ಟೇ ಹಳೆಯವು ಎನ್ನುವವರಿದ್ದಾರೆ. ಇಲ್ಲ, ಎರಡು ಮೂರು ಶತಮಾನಗಳ ನಂತರ ಬರೆಸಿದವು ಎನ್ನುವ ವಿದ್ವಾಂಸರೂ ಇದ್ದಾರೆ. ಯಾವ ಕಾಲದವೇ ಆಗಲಿ, ವಿಜಯನಗರ ಸಂಪ್ರದಾಯದ ಬಣ್ಣದ ಚಿತ್ರಗಳು ಇಷ್ಟು ವಿಸ್ತಾರವಾಗಿ ಉಳಿದಿರುವ ಜಾಗಗಳು ಬಹಳವಿಲ್ಲ. ಆಂಧ್ರದ ಗಡಿ ದಾಟಿ ಲೇಪಾಕ್ಷಿಗೆ ಹೋದರೆ ವೀರಭದ್ರನ ಗುಡಿಯಲ್ಲಿವೆ. ನದಿ ದಾಟಿ ಆನೆಗೊಂದಿಗೆ ಹೋದರೆ ಹುಚ್ಚಯ್ಯಪ್ಪನ ಮಠದ ಚಾವಣಿಯಲ್ಲಿ ಒಂದಿಷ್ಟಿವೆ. ಅಲ್ಲಿ ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ತಾವೇ ಒಂದು ಆನೆಯಾಗಿದ್ದಾರೆ. ದೂರದಿಂದ ಆನೆ, ಹತ್ತಿರ ಹೋದರೆ ಸೀರೆಯ ನೆರಿಗೆ. ನೋಡಿದವರು ನಗದೆ ಬರಲಾರರು.

ಇಂಥ ಚಿತ್ರ ಎಷ್ಟು ನಾಜೂಕಾದದ್ದು ಎಂಬುದು ಅದನ್ನು ಮಾಡಿದ ಬಗೆ ತಿಳಿದರೆ ಗೊತ್ತಾಗುತ್ತದೆ. ಕಲ್ಲಿನ ಚಪ್ಪಡಿಗೆ ಮೊದಲು ಗಾರೆ. ಸುಣ್ಣಕಲ್ಲನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣವಾಗುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಮರಳು ಬೆರೆಸಿ ಬಳಿದ ಮೇಲೆ ಗಾಳಿಯಲ್ಲಿನ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಬರುವ ಈ ಸುತ್ತಾಟ ನನಗೆ ಮೂವತ್ತು ವರ್ಷ ಪಾಠ ಹೇಳಿದ ಮೇಲೂ ಹಳತಾಗಿಲ್ಲ. ಇಟಲಿಯ ಚಿತ್ರಕಾರರು ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚುತ್ತಿದ್ದರು, ಬಣ್ಣ ಸುಣ್ಣದೊಳಗೇ ಸಿಕ್ಕಿಕೊಳ್ಳುತ್ತಿತ್ತು. ನಮ್ಮ ಕಡೆಯವು ಹೆಚ್ಚಾಗಿ ಒಣಗಿದ ಗಾರೆಯ ಮೇಲೆ ಅಂಟಿನ ಆಸರೆಯಲ್ಲಿ ನಿಂತ ಬಣ್ಣಗಳು. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಮುಗಿಯಿತು.

ಬಣ್ಣಗಳಾದರೂ ಎಂಥವು? ಕಾವಿ, ಹಳದಿ ಮಣ್ಣು, ಕಾಡಿಗೆಯ ಕಪ್ಪು, ಸುಣ್ಣದ ಬಿಳುಪು ಇವೇ ಮುಖ್ಯ. ಕಾವಿಯೆಂದರೆ ಕಬ್ಬಿಣದ ಆಕ್ಸೈಡ್. ನಮ್ಮ ಸಂಡೂರಿನ ಗುಡ್ಡಗಳಲ್ಲಿ ಅಗೆದು ಲಾರಿಗಟ್ಟಲೆ ಸಾಗಿಸುತ್ತಾರಲ್ಲ, ಆ ಅದಿರಿನ ಸೋದರ ಸಂಬಂಧಿ. ಹಳದಿ ಮಣ್ಣನ್ನು ಪ್ರನಾಳದಲ್ಲಿ ಹಾಕಿ ಕಾಯಿಸಿದರೆ ಒಳಗಿನ ನೀರು ಹೋಗಿ ಅದೂ ಕೆಂಪಾಗುತ್ತದೆ. ಪ್ರಯೋಗಾಲಯದಲ್ಲಿ ಮಾಡಿ ತೋರಿಸುವುದು ಸುಲಭ. ಈ ಕೆಂಪು ಬಿಸಿಲಿಗೆ ಮಾಸುವುದಿಲ್ಲ. ಹಳೆಯ ಚಿತ್ರಗಳಲ್ಲಿ ಉಳಿದ ಬಣ್ಣಗಳೆಲ್ಲ ಮಂಕಾದರೂ ಕಾವಿ ಮಾತ್ರ ಗಟ್ಟಿಯಾಗಿ ನಿಂತಿರುವುದಕ್ಕೆ ಕಾರಣ ಇದು.

ಅಂದರೆ ಬಣ್ಣಕ್ಕೆ ಆಯುಷ್ಯವಿದೆ, ಅದನ್ನು ಹೊತ್ತ ಸುಣ್ಣಕ್ಕೆ ಇಲ್ಲ. ಹಂಪಿಯೆಂದರೆ ಕಲ್ಲು ಎಂದು ನಾವೆಲ್ಲ ತಿಳಿದುಕೊಂಡಿರುವುದೇ ಸುಣ್ಣ, ಇಟ್ಟಿಗೆ, ಬಣ್ಣಗಳು ಹೊರಟುಹೋದದ್ದರಿಂದ. ವಿಠ್ಠಲ ದೇವಾಲಯದ ಕಲ್ಲಿನ ರಥ 50 ರೂಪಾಯಿ ನೋಟಿನ ಮೇಲಿದೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ತೆಗೆದ ಛಾಯಾಚಿತ್ರ ನೋಡಿ. ರಥದ ನೆತ್ತಿಯಲ್ಲಿ ಇಟ್ಟಿಗೆ ಗಾರೆಯ ಶಿಖರವಿದೆ. ಈಗ ಇಲ್ಲ. ನಮ್ಮ ಕಿಸೆಯಲ್ಲಿರುವುದು ಕಿರೀಟವಿಲ್ಲದ ರಥ. ಕಲ್ಲೂ ಶಾಶ್ವತವೇನಲ್ಲ ಅನ್ನಿ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷನ ರಥಬೀದಿಯ ಸಾಲುಮಂಟಪದ ಕೆಲವು ಕಂಬಗಳು ಉರುಳಿದ್ದವು. ಆದರೆ ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಬಹುದು. ಉದುರಿದ ಚಿತ್ರ ಧೂಳು.

ಇಟ್ಟಿಗೆ ಗಾರೆಯಿಂದ ಏನು ಸಾಧ್ಯವೆಂದು ನೋಡಬೇಕಾದರೆ ಹೊಸಪೇಟೆಯ ಮಗ್ಗುಲಲ್ಲೇ ಇರುವ ಅನಂತಶಯನಗುಡಿಗೆ ಹೋಗಬೇಕು. ಕೃಷ್ಣದೇವರಾಯ ತನ್ನ ಮಗ ತಿರುಮಲನ ಹೆಸರಿನಲ್ಲಿ ಊರು ಕಟ್ಟಿಸಿ, 1524ರಲ್ಲಿ ಅನಂತಪದ್ಮನಾಭನಿಗಾಗಿ ಎತ್ತಿಸಿದ ಗುಡಿಯಿದು. ಮಲಗಿದ ದೇವರಿಗೆಂದು ಉದ್ದನೆಯ ಗರ್ಭಗುಡಿ, ಅದರ ಮೇಲೆ ಕಮಾನಾಗಿ ಏರಿದ ದೊಡ್ಡ ಶಿಖರ. ಒಳಗೆ ಪೀಠವಿದೆ, ದೇವರಿಲ್ಲ. ರಾಜ ಮುಂದೆ, ದೇವರು ಹಿಂದೆ. ತಿರುಗಿ ನೋಡಬಾರದೆಂಬ ಮಾತು ಮೀರಿ ರಾಜ ಹೊರಳಿ ನೋಡಿದ್ದರಿಂದ ದೇವರು ಹೂವಿನಹಡಗಲಿ ಕಡೆಯ ಹೊಳಲಿನಲ್ಲೇ ಮಲಗಿಬಿಟ್ಟ ಎಂದು ಕಥೆ. ಹೊಳಲಿನಲ್ಲಿ ಅನಂತಶಯನನ ಮೂರ್ತಿ ಇರುವುದಂತೂ ನಿಜ. ದೇವರಿಲ್ಲದ್ದಕ್ಕೇ ಇರಬೇಕು, ಅನಂತಶಯನಗುಡಿಗೆ ಯಾರೂ ಎಣ್ಣೆ ಬಣ್ಣ ಬಳಿಯಲಿಲ್ಲ.

ಈ ಮಾತನ್ನು ವ್ಯಂಗ್ಯಕ್ಕಾಗಿ ಹೇಳಿದ್ದಲ್ಲ. ಭಕ್ತಿಯಿಂದಲೇ ಹಾಳು ಮಾಡಿದವರಲ್ಲಿ ನಾನೂ ಒಬ್ಬ.

1990ರ ದಶಕದ ಮಾತು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಕಂಪ್ಲಿ ಸೀಮೆಯ ಒಂದು ಹಳ್ಳಿಯಲ್ಲಿದ್ದೆ. ಕಂಪ್ಲಿಯೆಂದರೆ ವಿಜಯನಗರಕ್ಕೂ ಹಿಂದಿನ ರಾಜಧಾನಿ. ಹಂಪಿಯ ಹೇಮಕೂಟದ ಮೇಲೆ ಮೂರು ಲಿಂಗ ಸ್ಥಾಪಿಸಿ ಗುಡಿ ಕಟ್ಟಿಸಿದ್ದು ಕಂಪಿಲದೇವ, ನಮ್ಮ ಕುಮಾರರಾಮನ ತಂದೆ. ಸುತ್ತಲ ಹಳ್ಳಿಗಳಲ್ಲಿ ಹಳೆಯ ಗುಡಿಗಳಿಗೆ ಬರವಿಲ್ಲ. ನಾನಿದ್ದ ಊರಿನ ಈಶ್ವರನ ಗುಡಿ ಸೋರುತ್ತಿತ್ತು. ಜೀರ್ಣೋದ್ಧಾರ ಸಮಿತಿಯಾಯಿತು. ಲೆಕ್ಕ ಬರೆಯಲು ಬರುತ್ತದೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಇಪ್ಪತ್ತೈದು ದಾಟಿದವನಿಗೆ ಅದೊಂದು ಹೆಮ್ಮೆ.

ಗುಡಿಯ ಮುಂದಿನ ಮಂಟಪದ ಚಾವಣಿಯಲ್ಲಿ ಹೊಗೆ ಹಿಡಿದ ಚಿತ್ರಗಳಿದ್ದವು. ಒಂದು ಸಾಲು ಹೆಂಗಸರು, ಮೀಸೆಯ ಒಬ್ಬ ಗಂಡಸು, ಒಂದು ಕೆಂಪು ಕುದುರೆ. ಕುದುರೆಯ ಒಂದು ಕಾಲು ಮೊದಲೇ ಉದುರಿಹೋಗಿತ್ತು. ‘ಹೊಲಸಾಗೇತಿ, ಸುಣ್ಣ ಹೊಡಿಸ್ರಿ’ ಎಂದು ಸಭೆಯಲ್ಲಿ ಮಾತು ಬಂತು. ಯಾರೂ ಬೇಡವೆನ್ನಲಿಲ್ಲ. ಮೂರು ಕೋಟು ಸುಣ್ಣ, ಅದರ ಮೇಲೆ ಆಕಾಶನೀಲಿ ಎಣ್ಣೆ ಬಣ್ಣ. ಡಬ್ಬಿಗಳನ್ನು ಹೊಸಪೇಟೆಯಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದವನು ನಾನೇ, ರಸೀದಿಗೆ ಸಹಿ ನನ್ನದೇ.

ಸುಣ್ಣ ಹೊಡೆಯುವ ದಿನ ಗುಡಿಯ ಕಸ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದರು. ‘ಮೇಷ್ಟ್ರೇ, ಆ ಕುದ್ರಿ ಒಂದು ಬಿಡಸ್ರಿ. ಮೊಮ್ಮಕ್ಳಿಗೆ ಅದನ್ನ ತೋರಿಸೇ ಅನ್ನ ಉಣಸ್ತೀನಿ’ ಎಂದರು. ‘ಅದಕ್ಕಿಂತ ಚಲೋ ಕುದುರೆ ಬರೆಸೋಣ ಬಿಡಜ್ಜಿ’ ಎಂದು ನಾನು ನಕ್ಕೆ. ಬರೆಸಲಿಲ್ಲ. ದುಡ್ಡು ಮುಗಿದಿತ್ತು. ಮರುವರ್ಷ ನನಗೆ ವರ್ಗವಾಯಿತು.

ಮೊನ್ನೆ ಆ ಊರಿನ ಹಳೆಯ ವಿದ್ಯಾರ್ಥಿಯೊಬ್ಬ ಮದುವೆಗೆ ಕರೆದಿದ್ದ. ಗುಡಿಗೆ ಹೋದೆ. ಎಣ್ಣೆ ಬಣ್ಣ ಹಪ್ಪಳದಂತೆ ಎದ್ದಿದೆ. ಕಾರಣವನ್ನು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಸುಣ್ಣದ ಗಾರೆ ಉಸಿರಾಡುತ್ತದೆ. ಕಲ್ಲಿನ ಸಂದಿನಿಂದ ಇಳಿದ ತೇವ ಅದರ ಮೂಲಕ ಆವಿಯಾಗಿ ಹೊರಟುಹೋಗುತ್ತದೆ. ಎಣ್ಣೆ ಬಣ್ಣ ಆ ಬಾಗಿಲು ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ನೀರಿನಲ್ಲಿ ಲವಣಗಳು ಹರಳುಗಟ್ಟಿ ಹಿಗ್ಗಿ, ಬಣ್ಣವನ್ನೂ ಗಾರೆಯನ್ನೂ ಒಟ್ಟಿಗೆ ಹೊರಕ್ಕೆ ನೂಕುತ್ತವೆ. ನೆಲದ ಮೇಲೆ ಅಂಗೈಯಗಲದ ಚಕ್ಕೆಯೊಂದು ಬಿದ್ದಿತ್ತು. ಮೇಲೆ ನೀಲಿ, ನಡುವೆ ಸುಣ್ಣದ ಬಿಳಿ. ಅಂಚಿನಲ್ಲಿ ಒಂದು ಕೂದಲಿನಷ್ಟು ದಪ್ಪಕ್ಕೆ ಕೆಂಪು ಗೆರೆ. ಮೂವತ್ತು ವರ್ಷ ಕತ್ತಲಲ್ಲಿದ್ದರೂ ಕಾವಿ ಹಾಗೆಯೇ ಇತ್ತು.

ಎಣ್ಣೆ ಬಣ್ಣವೊಂದನ್ನೇ ಹಚ್ಚದಿದ್ದರೆ ಎಂದುಕೊಂಡೆ. ಬರೀ ಸುಣ್ಣದಡಿಯಲ್ಲಿ ಚಿತ್ರ ಬದುಕಿರಬಲ್ಲದು. ಯುರೋಪಿನ ಸ್ಲೊವೇನಿಯಾದಲ್ಲಿ ಹ್ರಾಸ್ತೋವ್ಲೆ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿನ ಚರ್ಚಿನ ಒಳಗೋಡೆಯ ಮೇಲೆ 1490ರಲ್ಲಿ ಬರೆದ ಚಿತ್ರಗಳನ್ನು ಯಾವಾಗಲೋ ಸುಣ್ಣ ಬಳಿದು ಮುಚ್ಚಿಬಿಟ್ಟಿದ್ದರು. 1949ರಲ್ಲಿ ಅವು ಮತ್ತೆ ಹೊರಬಂದವು. ರಾಜ, ಬಿಷಪ್, ಭಿಕ್ಷುಕ, ತೊಟ್ಟಿಲ ಕೂಸು ಎಲ್ಲರ ಕೈಯನ್ನೂ ಒಂದೊಂದು ಅಸ್ಥಿಪಂಜರ ಹಿಡಿದು ನಡೆಸಿಕೊಂಡು ಹೋಗುವ ಮೃತ್ಯುವಿನ ಮೆರವಣಿಗೆ ಅದು. ಈಗ ಅದನ್ನು ನೋಡಲೆಂದೇ ಪರದೇಶದಿಂದ ಜನ ಆ ಹಳ್ಳಿಗೆ ಹೋಗುತ್ತಾರೆ.

ನಮ್ಮ ಹಳ್ಳಿಯ ಸಮಿತಿಯಲ್ಲಿ ಈಗ ಹೊಸಬರಿದ್ದಾರೆ. ನನ್ನ ವಿದ್ಯಾರ್ಥಿಯೇ ಕಾರ್ಯದರ್ಶಿ. ಜಾತ್ರೆಯೊಳಗೆ ಹಳೆಯ ಬಣ್ಣವನ್ನೆಲ್ಲ ಯಂತ್ರದಿಂದ ಉಜ್ಜಿಸಿ ತೆಗೆದು, ಗೋಡೆಗೆ ಟೈಲ್ಸ್ ಹಾಕಿ, ಚಾವಣಿಗೆ ಹೊಸ ಬಣ್ಣ ಹೊಡೆಸುವುದೆಂದು ಠರಾವಾಗಿದೆಯಂತೆ. ‘ನಿಮ್ಮ ಹೆಸರಲ್ಲೂ ಒಂದು ರಸೀದಿ ಹರೀಲಿ ಸರ್’ ಎಂದು ಪುಸ್ತಕ ಚಾಚಿದ. ಐದು ಸಾವಿರ ಬರೆದುಕೊಳ್ಳಲು ಹೇಳಿದೆ, ಆದರೆ ಪುರಾತತ್ವ ಇಲಾಖೆಯವರು ಬಂದು ನೋಡುವವರೆಗೆ ಮಂಟಪದ ಚಾವಣಿಗೆ ಕೈ ಹಚ್ಚಬಾರದು ಎಂದೂ ಬರೆದುಕೋ ಎಂದೆ. ಆತ ಪೆನ್ನು ಹಿಡಿದು ಸುಮ್ಮನೆ ಕುಳಿತ. ಆ ಚಕ್ಕೆಯನ್ನು ಅವನ ಅಂಗೈ ಮೇಲಿಟ್ಟು ಅಜ್ಜಿಯ ಕುದುರೆಯ ಕಥೆ ಹೇಳಿದೆ. ‘ಅಕಿ ನಮ್ಮಜ್ಜಿನೇ ಸರ್’ ಎಂದ.

ಸಭೆ ಬರುವ ಅಮಾವಾಸ್ಯೆಗೆ. ನನಗೂ ಬರಲು ಹೇಳಿದ್ದಾರೆ.